ಗದ್ದೆಗಳ ಹೆಸರು ಮತ್ತು ಮೇನ್ ಸ್ವಿಚ್

ಮೂಡಬಿದ್ರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಮದುವೆ ಕಾಗದ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ, ಇಂಥವೇ ಕೆಲಸ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ದುಬೈಯಿಂದ ರಜೆಗೆ ಬಂದ ನನ್ನ ಭಾವ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಟ್ಟರು. ಲಿನಕ್ಸಿನಲ್ಲೇ ಸಣ್ಣ ಅಂಗಡಿಯವರಿಗೆಂದು ಮಾಡಿದ ಒಂದು ಬಗೆಯಂತೆ. ಎಲ್ಲ ಫೈಲುಗಳೂ ಅದರೊಳಗೇ ಇರುತ್ತವೆ, ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ರಾತ್ರಿ ಎರಡು ಗಂಟೆಗೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತದೆ, ನೀನು ಮುಟ್ಟುವುದೇ ಬೇಡ ಎಂದರು. ನಾನು ಮುಟ್ಟಲಿಲ್ಲ. ವಿಧೇಯತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ.

ನಾರಾವಿ ಕಡೆಯ ನಿವೃತ್ತ ಮಾಸ್ಟ್ರೊಬ್ಬರು ಗದ್ದೆಗಳ ಹೆಸರು ಸಂಗ್ರಹಿಸುತ್ತಿದ್ದರು. ನಮ್ಮಲ್ಲಿ ಒಂದೊಂದು ಗದ್ದೆಗೂ ಒಂದು ಹೆಸರು, ಆ ಹೆಸರಿಗೊಂದು ಕಥೆ. ರಬ್ಬರ್ ತೋಟ ಬಂದ ಮೇಲೆ ಗದ್ದೆಯ ಜೊತೆ ಹೆಸರೂ ಹೋಯಿತು. ಅವರು ಅಜ್ಜಿಯರನ್ನು ಕೇಳಿ ಚೀಟಿಗಳಲ್ಲಿ ಬರೆದು ತರುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಪುಸ್ತಕವಾಗಬೇಕೆಂಬುದೊಂದೇ ಅವರ ಆಸೆ. ಪ್ರಿಂಟನ್ನು ಎಲ್ಲ ಮುಗಿದ ಮೇಲೆ ಒಟ್ಟಿಗೇ ತೆಗೆಯುವ ಎಂದುಕೊಂಡಿದ್ದೆವು. ಹಳೆಯ ಚೀಟಿಗಳನ್ನೇನು ಮಾಡುವುದೆಂದು ಒಮ್ಮೆ ಕೇಳಿದರು. ನಾನು ದೊಡ್ಡಸ್ತಿಕೆಯಿಂದ ಸರ್ವರ್ ತೋರಿಸಿ, ಇನ್ನು ಅವು ಯಾಕೆ ಎಂದೆ. ಅವರ ಮನೆಯ ಬಚ್ಚಲೊಲೆಗೆ ಅನುಕೂಲವಾಯಿತು.

ಎರಡು ವರ್ಷ ಕಳೆದು, ಏಪ್ರಿಲಿನ ಒಂದು ಬೆಳಿಗ್ಗೆ ಸರ್ವರ್ ಏಳಲಿಲ್ಲ. ಡಿಸ್ಕ್ ಹೋಗಿತ್ತು. ಇನ್ನೊಂದು ಉಂಟಲ್ಲ ಎಂದು ನಾನು ಧೈರ್ಯವಾಗಿಯೇ ಇದ್ದೆ. ಮಂಗಳೂರಿನಿಂದ ಬಂದ ರಿಪೇರಿಯವನು ಅದನ್ನು ತೆರೆದು ನೋಡಿದರೆ ಖಾಲಿ. ಒಂದು ದಿನವೂ ನಕಲಾಗಿರಲಿಲ್ಲ. ರಾತ್ರಿ ಕರೆಂಟ್ ತೆಗೆಯುತ್ತೀರಾ ಎಂದು ಕೇಳಿದ.

ತೆಗೆಯದೆ ಇರುತ್ತೇವೆಯೆ? ಸಿಡಿಲೇನು ಹೇಳಿ ಬರುತ್ತದೆಯೆ? ಶಟರ್ ಎಳೆಯುವ ಮೊದಲು ಮೇನ್ ಸ್ವಿಚ್ ಇಳಿಸುವುದು ನಮ್ಮ ಪೇಟೆಯವರೆಲ್ಲರ ಅಭ್ಯಾಸ. ಜೋಪಾನ ಮಾಡುತ್ತಿದ್ದೇನೆಂದುಕೊಂಡು ಎರಡು ಗಂಟೆಯ ನಕಲಿಗೆ ಮೊದಲೇ ಪ್ರತಿ ಸಂಜೆ ನಾನೇ ಅದರ ಕತ್ತು ಹಿಸುಕುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮಾಸ್ಟ್ರು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈದಿದ್ದರೆ ಎಷ್ಟೋ ಸುಖವಿತ್ತು. ಅವರು ಕುರ್ಚಿ ಎಳೆದು ಕೂತು, "ಬರೆಯುವ, ನೆನಪಿದ್ದಷ್ಟು ಹೇಳ್ತೇನೆ" ಎಂದರು. ಮಧ್ಯಾಹ್ನದವರೆಗೆ ಹೇಳಿದರೂ ಎರಡು ಪುಟ ತುಂಬಲಿಲ್ಲ. ಉಳಿದದ್ದನ್ನು ಆ ಅಜ್ಜಿಯರ ಹತ್ತಿರವೇ ಮತ್ತೆ ಕೇಳಿ ಬರುವ, ನನ್ನ ಬೈಕಿನಲ್ಲೇ ಹೋಗುವ ಎಂದೆ.

ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. "ಯಾರತ್ರ ಕೇಳುವುದು ಮಾರಾಯ? ಹೆಚ್ಚಿನವರು ತೀರಿಹೋದರು."

ಬರೆದಷ್ಟನ್ನು ಪ್ರಿಂಟ್ ತೆಗೆದು ಕೊಟ್ಟೆ. ಅವರು ಅದನ್ನು ಮಡಚಿ ಜೇಬಿನಲ್ಲಿಟ್ಟು, ಇನ್ನೊಂದು ಪ್ರತಿ ಕೊಡಲು ಹೇಳಿದರು.