ರೂತಕ್ಕ ಕಾಯಿಸಿದ ದ್ರಾಕ್ಷಾರಸ

ಆ ಶನಿವಾರ ಸಂಜೆ ದ್ರಾಕ್ಷಾರಸವನ್ನು ಹಿತ್ತಾಳೆಯ ಪಾತೇಲಿಗೆ ಸುರಿದವಳು ನಾನು. ರೂತಕ್ಕನಲ್ಲ. ಮರುದಿನ ಬೆಳಿಗ್ಗೆ ಪ್ರಭುಭೋಜನದಲ್ಲಿ ಅದನ್ನು ಕುಡಿದು ಸಭೆಯ ಅರ್ಧದಷ್ಟು ಜನ ಬೇವಿನ ಮರದ ಕೆಳಗೆ ವಾಂತಿ ಮಾಡಿಕೊಂಡದ್ದು ನನ್ನಿಂದ. ಅದಕ್ಕಾಗಿ ಎಲ್ಲರೆದುರು ಕ್ಷಮೆ ಕೇಳಿದವಳು ಮಾತ್ರ ರೂತಕ್ಕ. ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಹೇಡಿಯಾಗಿರುತ್ತಿದ್ದೆ — ಆದರೆ ನಾನು ಸಾಲಿನಲ್ಲಿ ನಿಂತು, ಆಕೆಯ ಕೈ ಹಿಡಿದು, ಆಕೆಯನ್ನು ಕ್ಷಮಿಸಿಯೂ ಬಂದೆ.

ಹೌದು, ಕ್ಷಮಿಸಿದೆ. ನನ್ನ ತಪ್ಪಿಗೆ ಆಕೆಯನ್ನು. ಈ ಮಾತನ್ನು ಹೇಗೆ ತಿರುಗಿಸಿ ಬರೆದರೂ ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬರುತ್ತದೆ. ಮೊದಲು ನನ್ನ ಮೇಲೆ. ಆಮೇಲೆ — ಇದು ನ್ಯಾಯವೋ ಅಲ್ಲವೋ — ಇಷ್ಟು ಸಲೀಸಾಗಿ ಕ್ಷಮಿಸಲು ಕಲಿತುಬಿಟ್ಟ ನಮ್ಮೆಲ್ಲರ ಮೇಲೆ.

ನಮ್ಮದು ಚಿಕ್ಕೋಡಿಯಿಂದ ಕಬ್ಬೂರಿಗೆ ಹೋಗುವ ದಾರಿಯ ಬದಿಯಲ್ಲಿರುವ ಸಣ್ಣ ಕ್ರೈಸ್ತ ಸಭೆ. ತಗಡಿನ ಮಾಡು, ಹಿಂದೊಂದು ಅಡುಗೆಕೋಣೆ, ಅರ್ಧ ಹಾಡು ಕನ್ನಡ, ಅರ್ಧ ಮರಾಠಿ. ಯೇಸುವಿನ ಕೊನೆಯ ಊಟದ ನೆನಪಿಗೆ ಮಾಡುವ ಪ್ರಭುಭೋಜನಕ್ಕೆ ಅಂಗಡಿಯ ಬಾಟಲಿಯ ರಸ ನಮಗೆ ಆಗಿಬರುವುದಿಲ್ಲ. ಅಥಣಿ ಕಡೆಯ ಕಪ್ಪು ದ್ರಾಕ್ಷಿ ತರಿಸಿ, ಕುದಿಸಿ, ಹಿಂಡಿ, ಬಿಳಿ ಬಟ್ಟೆಯಲ್ಲಿ ಸೋಸುವ ಸೇವೆ ರೂತಕ್ಕನದು. ಮಿರಜ ಕಡೆಯಿಂದ ಸೊಸೆಯಾಗಿ ಬಂದ ಆಕೆಗೆ ಅದು ಅತ್ತೆಯಿಂದ ಬಂದದ್ದು. ಬೇರೆ ಕಡೆ ತುಟಿ ತೋಯುವಷ್ಟು ಕೊಡುತ್ತಾರಂತೆ. ನಮ್ಮದು ದ್ರಾಕ್ಷಿಗೆ ಬರವಿಲ್ಲದ ಸೀಮೆ. ಹಿರಿಯರು ಸಣ್ಣ ಲೋಟಗಳಿಗೆ ಧಾರಾಳವಾಗಿ ಸುರಿಯುತ್ತಾರೆ. ಅದನ್ನು ಕುಡಿಯುವುದಕ್ಕೆ ನಾವು ‘ಪಾತ್ರೆ ತೆಗೆದುಕೊಳ್ಳುವುದು’ ಎನ್ನುತ್ತೇವೆ, ಬರಿಹೊಟ್ಟೆಯಲ್ಲೇ ತೆಗೆದುಕೊಳ್ಳುತ್ತೇವೆ.

ಇನ್ನೊಂದು ರೂಢಿಯೂ ಇದೆ. ತಪ್ಪು ಮಾಡಿದವರು ಸಭೆಯಲ್ಲಿ ಎದ್ದು ನಿಂತು ಹೇಳಿಕೊಳ್ಳಬೇಕು. ಆಗ ಉಳಿದವರೆಲ್ಲ ಸಾಲಾಗಿ ಬಂದು ಅವರ ಕೈ ಹಿಡಿದು ‘ಕ್ಷಮಾ ಮಾಡೇನಿ’ ಎನ್ನಬೇಕು. ಒಬ್ಬರೂ ತಪ್ಪಿಸುವಂತಿಲ್ಲ. ಮನಸ್ತಾಪ ಉಳಿದವರು ಪಾತ್ರೆ ತೆಗೆದುಕೊಳ್ಳುವಂತಿಲ್ಲ.

ಅದು ಈಸ್ಟರಿನ ಹಿಂದಿನ ದಿನ. ರೂತಕ್ಕ ರಸವನ್ನು ಸಭೆಯ ದೊಡ್ಡ ಸ್ಟೀಲ್ ಪಾತೇಲಿಯಲ್ಲಿ ಮುಚ್ಚಿಟ್ಟು ಹೋಗಿದ್ದಳು. ಚಹದ ಹೊಣೆ ನನ್ನದು. ಮರುದಿನದ ಚಹಕ್ಕೆ ಹಾಲು ಬಂತು, ಕೂಡಲೇ ಕಾಯಿಸಬೇಕಿತ್ತು, ಅಷ್ಟು ದೊಡ್ಡ ಪಾತೇಲಿ ಅದೊಂದೇ. ನಾನು ಅಟ್ಟದ ಮೇಲಿನ ಹಳೆಯ ಹಿತ್ತಾಳೆಯ ಪಾತೇಲಿ ಇಳಿಸಿ ರಸವನ್ನು ಅದಕ್ಕೆ ಸುರಿದೆ. ಹಾಲು ಕಾಯುವ ತನಕ ಅಷ್ಟೇ, ಆಮೇಲೆ ಬೇರೆ ಏನಾದರೂ ಹುಡುಕಿದರಾಯಿತು ಎಂದುಕೊಂಡೆ. ಮರೆತೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಇಡಬಾರದೆಂದು ನಮ್ಮ ಕಡೆ ಯಾವ ಹೆಣ್ಣುಮಗಳಿಗೂ ಕಲಿಸಬೇಕಾಗಿಲ್ಲ. ನಾನಂತೂ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತಿದ್ದವಳು.

ಬೆಳಗಿನ ಜಾವ ರಸವನ್ನು ಜಗ್ಗಿಗೆ ಬಗ್ಗಿಸಿದ್ದೂ ನಾನೇ. ಪಾತೇಲಿಯ ಒಳಗೆ, ರಸ ನಿಂತ ಮಟ್ಟಕ್ಕೆ, ಹಸಿರು ಗೆರೆಯೊಂದು ಬಿದ್ದಿತ್ತು. ಇದು ಖಚಿತ. ಆದರೆ ಅದನ್ನು ನೋಡಿದ್ದು ಯಾವಾಗ — ಆರಾಧನೆಗೆ ಮೊದಲೋ, ಜನ ವಾಂತಿ ಮಾಡಿಕೊಂಡ ಮೇಲೆ ಓಡಿಹೋದಾಗಲೋ? ನನ್ನ ನೆನಪು ‘ಆಮೇಲೆ’ ಎನ್ನುತ್ತದೆ. ನನ್ನ ನೆನಪಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ. ಅದೇ ನೆನಪನ್ನು, ಹಾಗಾದರೆ ಆ ದಿನ ನೀನು ಪಾತ್ರೆ ತೆಗೆದುಕೊಂಡೆಯಾ ಎಂದು ಕೇಳಿದರೆ ಸುಮ್ಮನಾಗುತ್ತದೆ. ನನಗೆ ವಾಂತಿಯಾದ ನೆನಪಿಲ್ಲ. ಆಗದವರು ಬೇರೆಯವರೂ ಇದ್ದರು, ನಿಜ. ಆದರೂ — ನೋಡಿಯೂ ಸುಮ್ಮನಿದ್ದೆನೇ? ಹೊತ್ತಾಯಿತು, ಏನೂ ಆಗಲಿಕ್ಕಿಲ್ಲ ಎಂದುಕೊಂಡೆನೇ? ನನಗೆ ಅನುಕೂಲವಾದ ಉತ್ತರವನ್ನು ನಾನು ಇನ್ನು ಒಪ್ಪಲಾರೆ. ಪಾತೇಲಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿರುಗಿ ಅಟ್ಟಕ್ಕೆ ಹಾಕಿದ್ದಂತೂ ಚೆನ್ನಾಗಿ ನೆನಪಿದೆ.

ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಮಜ್ಜಿಗೆ ಕುಡಿದು ಮಲಗಿದ್ದರು. ಆದರೆ ಅಂಗಳದಲ್ಲೇ ಸಭೆಯ ಹಿರಿಯ ಸಮುವೇಲಣ್ಣ ಹೊಟ್ಟೆ ಹಿಡಿದುಕೊಂಡು ತೀರ್ಪು ಕೊಟ್ಟುಬಿಟ್ಟಿದ್ದ: “ಇದು ಬರೇ ವಾಂತಿ ಅಲ್ರೋ. ನಮ್ಮೊಳಗ ಯಾರೋ ಅಯೋಗ್ಯರದಾರ.” ಅಯೋಗ್ಯವಾಗಿ ಪ್ರಭುಭೋಜನದ ಮೇಜಿಗೆ ಬಂದವರಿಗೆ ದೇವರ ಶಿಕ್ಷೆ ತಗಲುತ್ತದೆ ಎಂಬ ಎಚ್ಚರಿಕೆ ನಮಗೆಲ್ಲ ಬಾಯಿಪಾಠ. ಇಡೀ ವಾರ ಊರಲ್ಲಿ ಅದೇ ಮಾತು. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ತಾಮ್ರ, ಆಮ್ಲ ಎಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಯಾವ ಪಾತೇಲಿ ಎಂದು ಕೇಳುತ್ತಿದ್ದರು.

ಮುಂದಿನ ಭಾನುವಾರ ರೂತಕ್ಕ ಎದ್ದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು:

“ಎಲ್ಲಾರೂ ಕೇಳ್ರಿ. ರಸಾ ಕಾಸೂ ಮುಂದ ನಾ ನನ್ನ ನೆಗೆಣ್ಣಿಗೆ ಶಾಪಾ ಹಾಕ್ಕೋತ ಕುಂತಿದ್ನಿ. ಹಿಂಡೂ ಕೈಯಾಗ ಸಿಟ್ಟಿತ್ತು. ಆ ಸಿಟ್ಟ ನಿಮ್ಮ ಹೊಟ್ಯಾಗ ಹೋತು. ದೇವರು ನನ್ನ ಹಿಡದು ತೋರಿಸಿ ಕೊಟ್ಟಾನ. ಕ್ಷಮಾ ಮಾಡ್ರಿ.”

ಸಾಲು ಎದ್ದಿತು. ನಾನೂ ಎದ್ದೆ. ನನ್ನ ಸರದಿ ಬಂದಾಗ ಆಕೆಯ ಕೈ ಬೆವತಿತ್ತು. ಒಂದು ಮಾತು ಸಾಕಿತ್ತು — ನಾನು ಎರಡು ಹೇಳಿದೆ:

“ಕ್ಷಮಾ ಮಾಡೇನ್ರಿ ರೂತಕ್ಕಾ. ದೇವರೂ ಮಾಡ್ಯಾನ.”

ದೇವರ ಪರವಾಗಿಯೂ ನಾನೇ ಹೇಳಿಬಿಟ್ಟೆ! ಎಲ್ಲಿಂದ ಬಂತು ಆ ದೊಡ್ಡಸ್ತಿಕೆ? ಆಕೆ ಕಣ್ಣೀರು ಒರೆಸಿಕೊಂಡು ನನಗೆ ಕೈಮುಗಿದಳು.

ಸಭೆ ಕ್ಷಮಿಸಿತು, ಆಕೆ ಮಾತ್ರ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ರಸ ಕಾಯಿಸುವ ಸೇವೆ ಬಿಟ್ಟಳು. ಹಿಂದಿನ ಬಾಕಿಗೆ, ನಾನು ಕೂರುತ್ತಿದ್ದ ಕೊನೆಯ ಬೆಂಚಿಗೆ, ಸರಿದಳು. ಪಾತ್ರೆ ತೆಗೆದುಕೊಳ್ಳುವುದನ್ನೇ ಬಿಟ್ಟಳು. ಪ್ರತಿ ತಿಂಗಳ ಮೊದಲ ಭಾನುವಾರ ನಾವೆಲ್ಲ ಎದ್ದು ಮುಂದೆ ಹೋಗುವಾಗ ಆಕೆ ಕಾಲು ಬದಿಗೆ ಸರಿಸಿ ದಾರಿ ಬಿಡುತ್ತಿದ್ದಳು. ವರ್ಷಗಟ್ಟಲೆ ನಾನು ಆ ಕಾಲುಗಳನ್ನು ದಾಟಿಕೊಂಡು ಹೋಗಿ ಕುಡಿದು ಬಂದಿದ್ದೇನೆ. ಒಳಗೊಳಗೇ ಪಶ್ಚಾತ್ತಾಪವನ್ನೂ ಪಟ್ಟಿದ್ದೇನೆ, ಕಣ್ಣು ಮುಚ್ಚಿ, ಬಹಳ ಭಕ್ತಿಯಿಂದ. ಅದರಿಂದ ರೂತಕ್ಕನಿಗೆ ಏನು ಬಂತು?

ಈ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ತಡೆಯಲಾಗಲಿಲ್ಲ. ಮೊದಲು ಸಭೆಯ ಈಗಿನ ಪಾಲಕರ, ಅಂದರೆ ನಮ್ಮ ಪಾದ್ರಿಗಳ ಬಳಿ ಹೋದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯವರು. ಪೂರ್ತಿ ಕೇಳಿಸಿಕೊಂಡು ಮುಗುಳ್ನಕ್ಕರು.

“ಮೇಡಂ, ನೀವು ಪಶ್ಚಾತ್ತಾಪ ಪಟ್ಟೀರಿ. ದೇವರು ಕ್ಷಮಿಸ್ಯಾನ. ಮುಗೀತಲ್ರಿ?”

“ದೇವರಿಗೆ ವಾಂತಿ ಆಗಿಲ್ರಿ. ದೇವರೇನ ಹಿಂದಿನ ಬಾಕಿನ ಮ್ಯಾಲ ಕುಂತಿಲ್ಲ.”

“ಹಳೇ ಗಾಯಾ ಯಾಕ ಕೆದರತೀರಿ? ಸಭಾದಾಗ ಸುಮ್ಮನ ಗದ್ದಲಾ ಆಕ್ಕೈತಿ.”

ಗಾಯ ಹಳೆಯದೆಂದು ಯಾರು ಹೇಳಿದರು? ಅದನ್ನು ಇಟ್ಟುಕೊಂಡವಳನ್ನು ಕೇಳಿದ್ದೀರಾ? — ಇದನ್ನು ಅವರಿಗೆ ಹೇಳಲಿಲ್ಲ. ಪ್ರಾರ್ಥನೆ ಮಾಡಿ ಕಳಿಸಿದರು. ಮೆಟ್ಟಿಲು ಇಳಿಯುವಾಗ ಎಷ್ಟು ಹಗುರವೆನಿಸಿತು ಎಂದರೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ದೇವರ ಕರುಣೆ ದೊಡ್ಡದು, ನಂಬುತ್ತೇನೆ. ಆದರೆ ಅದರ ಹಿಂದೆ ಅವಿತುಕೊಳ್ಳುವುದು ನನಗೆ ಇಷ್ಟು ಸುಲಭವಾಗಬಾರದು.

ಅಲ್ಲಿಂದ ನೇರವಾಗಿ ರೂತಕ್ಕನ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ: ಹಾಲು, ಪಾತೇಲಿ, ಹಸಿರು ಗೆರೆ, ಹುಣಸೆಹಣ್ಣು. ಆಕೆಯ ಕೈ ನಿಲ್ಲಲಿಲ್ಲ.

“ಅಷ್ಟನ? ಜಾಊ ದೇ ಗ! ಮಾರಿ ನೋಡಿದ್ರ ಯಾರೋ ಸತ್ತಾರೇನೋ ಅನ್ನೂ ಹಂಗ ಬಂದೀ.”

ಹೋಗಲಿ ಬಿಡು — ತವರಿನ ಮರಾಠಿಯಲ್ಲಿ ಆಕೆ ಎಲ್ಲದಕ್ಕೂ ಹೇಳುವ ಮಾತು. ಹಾಲು ಉಕ್ಕಿದರೂ ಅದೇ, ಬಸ್ಸು ತಪ್ಪಿದರೂ ಅದೇ.

“ರೂತಕ್ಕಾ, ನನಗ ಬೈರಿ.”

“ಯಾಕ ಬೈಲಿ? ಕ್ಷಮಾ ಮಾಡೇನಿ. ಚಾ ಕುಡಿತಿ?”

ನನಗೆ ಕೂಗಬೇಕೆನಿಸಿತು. ಇಷ್ಟು ವರ್ಷ ಹೊತ್ತು ತಂದದ್ದನ್ನು ಆಕೆ ಜೋಳದ ಹೊಟ್ಟಿನ ಹಾಗೆ ಹಾರಿಸಿಬಿಟ್ಟಳು! ಹಾಗಾದರೆ ಬರುವ ಮೊದಲ ಭಾನುವಾರ ಪಾತ್ರೆ ತೆಗೆದುಕೊಳ್ಳಿ ಎಂದೆ. ಆಗ ಮೊರ ನಿಂತಿತು.

“ಅದ ಬ್ಯಾರೇ ಮಾತು. ಪಾತೇಲಿ ನಿಂದ ಇರಬಹುದು. ಸಿಟ್ಟ ನಂದ ಇತ್ತಲ್ಲ?”

ಸಿಟ್ಟಿನಿಂದ ರಸ ಕೆಡುವುದಿಲ್ಲ, ಕಿಲುಬಿನಿಂದ ಕೆಡುತ್ತದೆ ಎಂದು ಪಾಠ ಮಾಡಿದೆ. ಹೂಂ ಹೂಂ ಎಂದಳು. ಚಹ ಕುಡಿದು ಎದ್ದು ಬಂದೆ. ಏನೂ ಬದಲಾಗಿರಲಿಲ್ಲ, ನಾನು ಮಾತ್ರ ಎರಡೆರಡು ಕಡೆ ಕ್ಷಮೆ ಪಡೆದವಳಾಗಿದ್ದೆ.

ಒಂದು ವಾರ ಕಳೆದಿರಬೇಕು. ರೂತಕ್ಕ ಬಸ್ಸು ಹಿಡಿದು ಚಿಕ್ಕೋಡಿಯ ನನ್ನ ಮನೆಗೆ ಬಂದಳು. ಕುರ್ಚಿ ತೋರಿಸಿದೆ. ಕುಳಿತುಕೊಳ್ಳಲಿಲ್ಲ.

“ಮೊನ್ನಿ ಕ್ಷಮಾ ಮಾಡೇನಿ ಅಂದಿದ್ನೆಲ್ಲ, ಅದನ್ನ ತಿರುಗಿ ತಗೊಳ್ಳಾಕ ಬಂದೀನಿ.”

ನಾನು ಬಾಗಿಲಲ್ಲೇ ನಿಂತೆ.

“ಬಾಯಿ ಚಟಕ್ಕ ಅಂದಿದ್ನಿ. ಆಮ್ಯಾಲ ಒಂದೊಂದ ನೆನಪಾಗಾಕತ್ತು. ನನ್ನ ಮಗನ ಲಗ್ನದಾಗ ಬೀಗರೆಲ್ಲ ಪಾತ್ರಿ ತಗೊಂಡ್ರು, ನಾ ಹಿಂದ ಕುಂತಿದ್ನಿ. ನನ್ನ ಗಂಡ ಸಾಯೂ ಮುಂದ ಪಾಲಕರು ಹಾಸಿಗಿ ಮಗ್ಗಲಕ ಪಾತ್ರಿ ತಂದ್ರು. ‘ನೀನೂ ತಗೊಳ್ಳ’ ಅಂದ ಅಂವ. ನಾ ಬ್ಯಾಡ ಅಂದ್ನಿ. ಬಾಗಲದಾಗ ನಿಂತ ನೋಡಿದ್ನಿ. ಕಡೀ ಸಲಾ, ಸುಗುಣಾ! ಅಂವನ ಜೋಡಿ ಕಡೀ ಸಲಾ! ಅದನ್ನ ಹೆಂಗ ಕ್ಷಮಾ ಮಾಡ್ಲಿ? ನೀನ ಹೇಳ. ಕಲತಾಕಿ ಅದೀ.”

ಬೈಯಿರಿ ಎಂದು ಬೇಡಿಕೊಂಡಿದ್ದವಳು ನಾನೇ. ಆ ಕ್ಷಣ ನನಗೆ ಬೇಕಾದದ್ದು ಆಕೆಯ ಹಿಂದಿನ ವಾರದ ‘ಜಾಊ ದೇ’. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

“ಸಭಾದಾಗ ಹೇಳ,” ಎಂದಳು ಹೋಗುವಾಗ. “ನನ್ನ ಕಟ್ಟಿ ಮ್ಯಾಲ ಹೇಳಿದ್ರ ನಡಿಯೂದಿಲ್ಲ. ನಾ ಎಲ್ಲಾರ ಮುಂದ ತಲಿ ಬಗ್ಗಿಸೀನಿ.”

ತಿಂಗಳ ಮೊದಲ ಭಾನುವಾರ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಏನೇನು ಹೇಳಿದೆ, ಯಾವ ಕ್ರಮದಲ್ಲಿ ಹೇಳಿದೆ ಎಂದು ಈಗ ಕೇಳಿದರೆ ಗೊತ್ತಿಲ್ಲ. ಎಲ್ಲಕ್ಕಿಂತ ಮೊದಲು ಎದ್ದವನು ಸಮುವೇಲಣ್ಣ, ಈಗ ಮುಪ್ಪಾಗಿ ಕೋಲು ಹಿಡಿದಿದ್ದಾನೆ.

“ಆತ ಬಿಡ ತಂಗೀ, ಕ್ಷಮಾ ಮಾಡೇನಿ. ಅವತ್ತ ನನ್ನ ಹೊಟ್ಟಿಯರ ಸ್ವಚ್ಛ ಆತು!”

ಜನ ನಕ್ಕರು. ಸಾಲು ಬಂತು. ಕೈಯ ಮೇಲೆ ಕೈ. ಅಯೋಗ್ಯರಿದ್ದಾರೆ ಎಂದು ಊರೆಲ್ಲ ಡಂಗುರ ಹೊಡೆದವನು ನಗುತ್ತಿದ್ದ. ನಂಬಿದವರೂ ನಗುತ್ತಿದ್ದರು. ಒಬ್ಬರಾದರೂ ಹಿಂದಿನ ಬಾಕಿನ ಕಡೆ ತಿರುಗಿ ನೋಡಬಾರದೆ? ನಾವು ನಂಬಿದ್ದು ತಪ್ಪಾಯಿತು ರೂತವ್ವಾ ಎಂದು ಒಬ್ಬರಾದರೂ ಅನ್ನಬಾರದೆ? ನನ್ನ ಕೈ ಹಿಡಿಯುವ ಅವಸರ ಎಲ್ಲರಿಗೂ. ಕೈ ಕಿತ್ತುಕೊಳ್ಳಬೇಕೆನಿಸಿತು — ಆದರೆ ಅವರನ್ನು ಬೈಯಲು ನಾನು ಯಾರು?

ರೂತಕ್ಕ ಸಾಲಿಗೆ ಬರಲಿಲ್ಲ. ಪಾಲಕರು ಸ್ವಲ್ಪ ಹೊತ್ತು ಕಾದರು, ಆಮೇಲೆ ಪ್ರಭುಭೋಜನ ಶುರುಮಾಡಿದರು. ಆಗ ಆಕೆ ಎದ್ದಳು. ನಡುವಿನ ದಾರಿಯಲ್ಲಿ ಬಂದು, ನನ್ನನ್ನು ನೋಡದೆ ದಾಟಿ, ಎಲ್ಲರಿಗಿಂತ ಮುಂದೆ ಹೋಗಿ ನಿಂತಳು. ಲೋಟ ಹಿಡಿದಿದ್ದ ಸಮುವೇಲಣ್ಣ ಅನುಮಾನಿಸಿದ.

“ರೂತಾ, ಮದಲ ಸುಗುಣಾನ ಕೈ ಹಿಡಿಯವ್ವಾ. ರೂಢಿ ಹಂಗೈತಿ.”

“ನಾ ಪಾತ್ರಿ ತಗೊಳ್ಳಾಕ ಬಂದೀನಿ, ರಾಜಿ ಮಾಡಾಕಲ್ಲ. ಸಿಟ್ಟೈತಿ. ಇರ್ಲಿ. ಕೊಡ ಇಲ್ಲೆ.”

ಆತ ಪಾಲಕರ ಮುಖ ನೋಡಿದ. ಅವರು ತಲೆಯಾಡಿಸಿದರು. ರೂತಕ್ಕ ಎರಡೂ ಕೈಯಲ್ಲಿ ಲೋಟ ಹಿಡಿದು, ಒಂದು ಹನಿಯೂ ಉಳಿಸದೆ, ನಿಧಾನವಾಗಿ ಕುಡಿದಳು.

ನಾನು ಪಾತ್ರೆ ತೆಗೆದುಕೊಳ್ಳಲು ಮುಂದೆ ಹೋಗಲಿಲ್ಲ. ಆರಾಧನೆ ಮುಗಿದ ಮೇಲೆ ಪಾಲಕರು ಬಂದು, ದೇವರ ಕರುಣೆ ಯಾರ ಕೈಗಾಗಿಯೂ ಕಾಯುವುದಿಲ್ಲ ಮೇಡಂ, ನೀವೂ ಬರಬಹುದಿತ್ತು ಎಂದರು. ಅದು ನಿಜವೇ ಇರಬೇಕು. ಅದನ್ನು ಈಗತಾನೆ ಕಣ್ಣಾರೆ ನೋಡಿದ್ದೆ. ಆದರೆ ನಾನು ಕಾಯುತ್ತೇನೆ. ಮುಂದಿನ ತಿಂಗಳೂ, ಅದರ ಮುಂದಿನ ತಿಂಗಳೂ, ಎಷ್ಟು ದಿನವಾದರೂ ಸರಿ.

ರೂತಕ್ಕನನ್ನು ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತಾಳೆ. ಆಕೆ ಅಂಥವಳು.