ಮೈಲಿಗೆ ಎರಡು ಸೇರು

ಕಳೆದ ತಿಂಗಳು ಬೆಳ್ತಂಗಡಿಗೆ ಹೋಗುವಾಗ ವೇಣೂರಿನ ಈಚೆ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಕೂಲಿಯವರು ಹಳೆಯ ಮೈಲಿಗಲ್ಲನ್ನು ಕಿತ್ತು, ಅದರ ಜಾಗದಲ್ಲಿ ಕಿಲೋಮೀಟರಿನ ಕಲ್ಲನ್ನು ನೆಡುತ್ತಿದ್ದರು. ಹೊಸ ಕಲ್ಲಿನ ಬಣ್ಣ ಒಣಗಿರಲಿಲ್ಲ. ವಾಸನೆ ಕಿಟಕಿಯವರೆಗೂ ಬರುತ್ತಿತ್ತು. ಹಳೆಯದು ಚರಂಡಿಯಲ್ಲಿ ಮಗುಚಿ ಬಿದ್ದಿತ್ತು. ಮಣ್ಣಿನಲ್ಲಿ ಹೂತಿದ್ದ ಅದರ ಅರ್ಧವನ್ನು ನಾನು ನೋಡಿದ್ದು ಅದೇ ಮೊದಲು. ಮೇಲಿನ ಅರ್ಧ ಮಾತ್ರ ಚೆನ್ನಾಗಿ ಗೊತ್ತು. ಒಂದು ಬೆಳಿಗ್ಗೆ ಅದನ್ನು ಮುಟ್ಟಿ ಓಡಲು ಶುರು ಮಾಡಿದ ಹುಡುಗಿಯರಲ್ಲಿ ನಾನೂ ಒಬ್ಬಳು... ನಮ್ಮನ್ನು ಓಡಿಸಿದವರು ನಮ್ಮ ಡ್ರಿಲ್ ಟೀಚರ್.

ಮೂಡುಬಿದಿರೆಯ ನಮ್ಮ ಶಾಲೆಗೆ ಅವರು ಬಂದಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಅವರಿಗೆ ಮೂವತ್ತು ದಾಟಿರಲಿಲ್ಲ. ಜೈನರ ಮನೆಯವರು; ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನುತ್ತಿರಲಿಲ್ಲ. ಕೊರಳಲ್ಲಿ ಸದಾ ಒಂದು ಸೀಟಿ. ಅಂಗಳದ ಆಚೆಗೂ ಕೇಳುವಂತೆ ನಗುತ್ತಿದ್ದರು. ಆ ನಗು ಊರಿಗೆ ಅಷ್ಟಾಗಿ ಹಿಡಿಸಿರಲಿಲ್ಲ.

ಶಾಲೆಯಲ್ಲಿ ಆಗ ದೂರದಿಂದ ನಡೆದು ಬರುವ ಮಕ್ಕಳಿಗೆ ಮಧ್ಯಾಹ್ನ ಗಂಜಿ ಕೊಡುತ್ತಿದ್ದರು. ಪುತ್ತಿಗೆಯ ಆಚೆಯಿಂದ ಬರುತ್ತಿದ್ದ ನನಗೂ ಅದೇ ಊಟ. ಬುತ್ತಿ ಕಟ್ಟಲು ನಮ್ಮ ಮನೆಯಲ್ಲಿ ಏನೂ ಇರುತ್ತಿರಲಿಲ್ಲ. ಬುತ್ತಿ ತರುವವರು ನಮ್ಮನ್ನು ‘ಗಂಜಿ ಗಿರಾಕಿಗಳು’ ಎನ್ನುತ್ತಿದ್ದರು. ನಾನು ಎಲ್ಲರಿಗಿಂತ ಕೊನೆಗೆ ಹೋಗಿ, ಗೋಡೆಗೆ ಮುಖ ಮಾಡಿ ಉಂಡು, ಬಟ್ಟಲು ತೊಳೆದಿಟ್ಟು ಬರುತ್ತಿದ್ದೆ. ಆ ವರ್ಷ ದೀಪಾವಳಿ ಕಳೆದ ಮೇಲೆ, ಅಕ್ಕಿ ಮುಗಿಯುತ್ತ ಬಂದಿದೆ, ಇನ್ನು ಗಂಜಿ ಇಲ್ಲ ಎಂದು ಹೆಡ್‌ಮಾಸ್ಟರರು ಹೇಳಿದರು. ಕೆಲವರು ಶಾಲೆಯನ್ನೇ ಬಿಡುವ ಮಾತಾಡಿದರು. ನಮ್ಮ ಮನೆಯಲ್ಲೂ ಆ ಮಾತು ಬಂದಿತ್ತು.

ಟೀಚರ್ ಒಂದು ಉಪಾಯ ಹುಡುಕಿದರು. ಹುಡುಗಿಯರು ಮೂಡುಬಿದಿರೆಯಿಂದ ವೇಣೂರಿನವರೆಗೆ ನಡೆಯುವುದು, ಆದಷ್ಟು ಓಡುವುದು; ನಡೆದ ಪ್ರತಿ ಮೈಲಿಗೆ ಉಳ್ಳವರು ಅಕ್ಕಿ ಕೊಡುವುದು. ವೇಣೂರಿನ ದೊಡ್ಡ ಮನೆಯ ಯಜಮಾನರನ್ನು ಕೇಳಲು ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಯಜಮಾನರು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿ ನಕ್ಕರು.

“ಎಂತ ಟೀಚರೇ, ಇಷ್ಟು ದೊಡ್ಡ ಹುಡುಗಿಯರು ಮಾರ್ಗದಲ್ಲಿ ಓಡುವುದು ಉಂಟಾ?”

“ಉಂಟು. ಅಕ್ಕಿ ಅಳೆಯಲಿಕ್ಕೆ ನೀವು ಜನ ಇಡಿ.”

“ಹಾಗಾದರೆ ಕೇಳಿ. ಕೊನೆಯ ಮೈಲಿ ಎಲ್ಲರೂ ಓಡಿಯೇ ನನ್ನ ಅಂಗಳಕ್ಕೆ ಬರಬೇಕು. ಬಂದರೆ ಇಡೀ ದಾರಿಗೆ, ತಲೆಗೆ, ಮೈಲಿಗೆ ಎರಡು ಸೇರು. ಬಾರದಿದ್ದರೆ ಎಂತದೂ ಇಲ್ಲ. ಮತ್ತೆ, ದೀಪ ಹಚ್ಚುವ ಮೊದಲು ಬರಬೇಕು.”

ಕೊನೆಯ ಮಾತು ತಮಾಷೆಯದಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಕಡೆಯ ಮನೆಗಳಿಂದ ಅಕ್ಕಿ ಹೊಸ್ತಿಲು ದಾಟುವುದಿಲ್ಲ. ಟೀಚರ್ ಅವರ ಮನೆಯಲ್ಲೂ ಅದೇ ಪದ್ಧತಿ. ಅವರು ಒಪ್ಪಿ ತಲೆಯಾಡಿಸಿದರು.

ಕೆಲವು ವಾರ ಪ್ರತಿ ಸಂಜೆ ಪುತ್ತಿಗೆಯವರೆಗೆ ಹೋಗಿ ಬಂದು ಅಭ್ಯಾಸ ಮಾಡಿದೆವು. ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸುವ ಒಂದು ರೀತಿಯನ್ನು ಟೀಚರ್ ಕಲಿಸಿದರು. ನೋಡುವವರ ಮುಂದೆ ಓಡುವುದು ನನಗೆ ಕಷ್ಟವಾಗುತ್ತಿತ್ತು. ಅದು ಅವರಿಗೆ ತಿಳಿದಿರಬೇಕು. ನನ್ನನ್ನು ಯಾವಾಗಲೂ ಸಾಲಿನ ನಡುವೆ ನಿಲ್ಲಿಸುತ್ತಿದ್ದರು.

ಹೊರಟ ದಿನ ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಸುದ್ದಿ ನಮಗಿಂತ ಮೊದಲೇ ದಾರಿಯುದ್ದಕ್ಕೂ ಹೋಗಿತ್ತು. ಪ್ರತಿ ಮನೆಯ ಬೇಲಿಯ ತಡಮೆಯ ಹತ್ತಿರ ಹೆಂಗಸರು ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದು ನಿಂತಿದ್ದರು. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವುದು ಅವರಿಗಾಗದು. ಕೊಟ್ಟದ್ದನ್ನು ಬಿಟ್ಟು ಮುಂದೆ ಹೋಗುವುದು ನಮಗಾಗದು. ಒಂದು ಮನೆಯಲ್ಲಿ ನಿಂತು ಇನ್ನೊಂದನ್ನು ದಾಟುವಂತೆಯೂ ಇಲ್ಲ. “ನಮ್ಮದು ನೀರಲ್ಲವಾ ಟೀಚರೇ?” ಎಂದು ಒಬ್ಬ ಅಜ್ಜಿ ಕೇಳಿಯೇಬಿಟ್ಟರು. ಮಧ್ಯಾಹ್ನ ಇಳಿಯಿತು. ನಾವಿನ್ನೂ ಅರ್ಧ ದಾರಿಯಲ್ಲಿದ್ದೆವು.

“ಮೈಲಿ ಲೆಕ್ಕ ಹಾಕಿದೆ ಮಾರಾಯ್ತಿ, ಮನೆಗಳನ್ನು ಮರೆತೆ,” ಎಂದು ಟೀಚರ್ ನನ್ನೊಡನೆ ಹೇಳಿ, ಸೆರಗು ಬಿಗಿದು ಸೀಟಿ ಊದಿದರು. ಅಲ್ಲಿಂದ ನಾವು ನಡೆದದ್ದು ಕಡಿಮೆ. ಹಿಂದಿನಿಂದ ಬಂದ ಬಸ್ಸಿನಲ್ಲಿ ಯಾರೋ ತಲೆ ಹೊರಗೆ ಹಾಕಿ, “ಹೋಯ್, ಬಸ್ಸು ತಪ್ಪಿತಾ ಮಕ್ಕಳೇ?” ಎಂದು ಕೂಗಿದರು. “ಇಳಿದು ಓಡಿ ಮಾರಾಯ್ರೆ, ಮೈಲಿಗೆ ಎರಡು ಸೇರು ಉಂಟು!” ಎಂದರು ಟೀಚರ್. ಬಸ್ಸಿಗೆ ಬಸ್ಸೇ ನಕ್ಕಿತು.

ಆದರೂ ನಾವು ಅಂಗಳ ತಲುಪಿದಾಗ ಒಳಗೆ ದೀಪ ಉರಿಯುತ್ತಿತ್ತು.

ಯಜಮಾನರ ಮುಖದಲ್ಲಿ ನಗು ಇರಲಿಲ್ಲ, ಅವರಿಗೂ ಬೇಸರವಾದಂತಿತ್ತು. “ದೀಪ ಹಚ್ಚಿ ಆಯ್ತು ಟೀಚರೇ. ಇನ್ನು ಅಳೆಯುವ ಹಾಗಿಲ್ಲ.”

“ನಾಳೆ ಬೆಳಿಗ್ಗೆ ಓಡಿ ಬಂದರೆ?”

“ಬನ್ನಿ, ನೋಡುವ.”

ಮೂಡುಬಿದಿರೆಗೆ ಕೊನೆಯ ಬಸ್ಸು ಹೊರಡಲು ನಿಂತಿತ್ತು. ಹತ್ತಿದರೆ ಅಕ್ಕಿ ಇಲ್ಲ. ಹತ್ತದಿದ್ದರೆ ಊರು ಏನು ಹೇಳುತ್ತದೆ ಎಂದು ಟೀಚರಿಗೆ ಗೊತ್ತಿತ್ತು. ಅವರು ನಮ್ಮನ್ನು ನೋಡಿದರು, ಬಸ್ಸನ್ನು ನೋಡಿದರು. ಆಮೇಲೆ ಕಂಡಕ್ಟರನ ಹತ್ತಿರ ಹೋಗಿ, “ಮಕ್ಕಳು ಕ್ಷೇಮ ಇದ್ದಾರೆ, ನಾಳೆ ಬರ್ತಾರೆ ಅಂತ ಹೇಳಿಬಿಡಿ,” ಎಂದರು. ರಾತ್ರಿ ಯಜಮಾನರ ಮನೆಯಲ್ಲೇ ಉಳಿದೆವು; ಅಲ್ಲಿನ ಅಜ್ಜಿ ನಮಗೆ ಅವಲಕ್ಕಿ, ಬಾಳೆಹಣ್ಣು ಕೊಟ್ಟರು. ಟೀಚರ್ ಏನನ್ನೂ ಮುಟ್ಟಲಿಲ್ಲ. ಬೆಳಿಗ್ಗೆಯಿಂದ ಅವರ ಹೊಟ್ಟೆಗೆ ಬಿದ್ದದ್ದು ಆ ಬೆಲ್ಲ ನೀರು ಮಾತ್ರ.

ಬೆಳಕಾಗುತ್ತಲೇ ಅವರು ನಮ್ಮನ್ನು ಒಂದು ಮೈಲಿ ಹಿಂದಕ್ಕೆ ನಡೆಸಿಕೊಂಡು ಹೋದರು. ಆ ಕಲ್ಲನ್ನು ಎಲ್ಲರೂ ಮುಟ್ಟಿದೆವು. ಕಾಲು ಊದಿತ್ತು. ಸೀಟಿ ಕೇಳಿತು... ಅಂಗಳಕ್ಕೆ ಬಂದಾಗ ಯಜಮಾನರು ಎದ್ದು ನಿಂತಿದ್ದರು. ಒಳಗೆ ತಿರುಗಿ, “ಕಣಜ ತೆಗೆಯಿರಿ,” ಎಂದರು. ಆ ವರ್ಷ ಗಂಜಿ ನಿಲ್ಲಲಿಲ್ಲ. ನಾನು ಶಾಲೆ ಬಿಡಲಿಲ್ಲ.

ಟೀಚರ್ ಬಿಡಬೇಕಾಯಿತು. ಹೆಣ್ಣುಮಕ್ಕಳನ್ನು ಮಾರ್ಗದಲ್ಲಿ ಓಡಿಸಿ, ರಾತ್ರಿ ಹೊರಗೆ ಉಳಿಸಿದರೆಂದು ದೂರು ಹೋಯಿತು. ಪರೀಕ್ಷೆ ಮುಗಿಯುತ್ತಲೇ ಅವರು ಬಂಟ್ವಾಳದ ಅಣ್ಣನ ಮನೆಗೆ ಹೋದರು. ನಾನು ಓದಿದೆ, ಪದವಿ ಪಡೆದೆ, ಈಗ ಪಾಠ ಹೇಳುತ್ತಿದ್ದೇನೆ. ಆ ಗಂಜಿಯ ವಿಷಯ ಯಾರೊಂದಿಗೂ ಆಡಿದವಳಲ್ಲ.

ಬೆಳ್ತಂಗಡಿಯಿಂದ ಬಂದ ಮರುವಾರ ಬಂಟ್ವಾಳಕ್ಕೆ ಹೋದೆ. ಬಾಗಿಲು ತೆರೆದವರು ಅವರ ಅತ್ತಿಗೆ. ಟೀಚರ್ ಕಳೆದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರಂತೆ. ನಾನು ಮೆಟ್ಟಿಲಿನಲ್ಲೇ ನಿಂತಿದ್ದೆ.

“ನೀವು ಓಡಿದವರಾ?” ಎಂದು ಅವರು ಕೇಳಿದರು. “ಓಡಿದವರು ಒಬ್ಬಿಬ್ಬರು ಬಂದಿದ್ದರು.”

“ಓಡಿದವಳು,” ಎಂದೆ. “ಆ ಗಂಜಿ ಉಂಡವಳೂ ಹೌದು.”

ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಯಾರ ಮುಂದೆ ಹೇಳಬೇಕಿತ್ತೋ ಅವರು ಇರಲಿಲ್ಲ... ಅತ್ತಿಗೆ ನನ್ನನ್ನು ಒಂದು ಕ್ಷಣ ನೋಡಿದರು. “ಉಂಡವರು ಈವರೆಗೆ ಯಾರೂ ಬಂದಿರಲಿಲ್ಲ. ಒಳಗೆ ಬನ್ನಿ, ಊಟದ ಹೊತ್ತು,” ಎಂದರು.

ನಾನು ಬೇಡವೆನ್ನಲಿಲ್ಲ.