ಎರಡು ಮನೆಯ ರೊಟ್ಟಿ

ಹೊರ್ತಿಯ ಅಮೋಘಸಿದ್ಧನನ್ನು ಯಾರಾದರೂ ಹೆದರುಪುಕ್ಕಲ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅನ್ನುವವರೇನು, ಚಹಾದಂಗಡಿಯ ಬೆಂಚು ಬಿಟ್ಟು ಎದ್ದವರಲ್ಲ. ಮಿಲ್ಟ್ರಿಗೆ ಹೋಗಿ ಒಂದು ಗುಂಡು ಹಾರಿಸದೆ ಬಂದ, ಬಂದು ಕುರಿ ಕಾಯ್ದ ಎಂದು ಆಡಿಕೊಳ್ಳುತ್ತಾರೆ. ಗುಂಡು ಹಾರಿಸಲಿಲ್ಲ, ನಿಜ. ಅವನಿಗೆ ಸಿಕ್ಕ ಕೆಲಸವೇ ಅಂಥದ್ದು.

ಬೆಳಗಾವಿಯಲ್ಲಿ ಸೈನ್ಯ ಸೇರಿದವನನ್ನು ಹಡಗು ಹತ್ತಿಸಿ ಗಾಜಾಕ್ಕೆ ಕಳಿಸಿದ್ದರು. ಈಜಿಪ್ಟಿನವರೂ ಇಸ್ರೇಲಿನವರೂ ಬಡಿದಾಡದಂತೆ, ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ ಹಾಕಿಕೊಂಡು ನಡುವೆ ನಿಲ್ಲುವುದು. ನಿಂತದ್ದು ಈಜಿಪ್ಟಿನ ಒಪ್ಪಿಗೆಯ ಮೇಲೆ. ಅರವತ್ತೇಳರಲ್ಲಿ ಅವರು ‘ಇನ್ನು ಹೋಗಿರಿ’ ಅಂದರು. ಇವರು ಗಂಟುಮೂಟೆ ಕಟ್ಟುತ್ತಿರುವಾಗಲೇ ಲಡಾಯಿ ಹತ್ತಿತು, ಜೊತೆಯವರು ಕೆಲವರು ಅಲ್ಲೇ ಸತ್ತರು. ಇದನ್ನು ಅವನು ಹೆಂಡತಿ ರೇವವ್ವನಿಗೆ ಹೇಳಿದ್ದ, ನನಗೊಮ್ಮೆ ಹೇಳಿದ್ದ. ಊರಿನ ಮತ್ತಾರಿಗೂ ಆಗ ಅದು ಗೊತ್ತಿರಲಿಲ್ಲ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಬಾಂಗ್ಲಾ ಯುದ್ಧ ನಡೆದಾಗ ಧರೆಪ್ಪನ ಚಹಾದಂಗಡಿಯ ರೇಡಿಯೋ ಮುಂದೆ ಊರೇ ಕೂತಿರುತ್ತಿತ್ತು. ಅಮೆರಿಕದ ಯುದ್ಧಹಡಗುಗಳು ಬಂಗಾಳ ಕೊಲ್ಲಿಗೆ ಹೊರಟಿವೆ, ರಷ್ಯಾದವು ಅವುಗಳ ಬೆನ್ನು ಹತ್ತಿವೆ ಎಂಬ ಸುದ್ದಿ ಬಂದ ದಿನ ಎಲ್ಲರ ಚಹಾ ಕಪ್ಪಿನಲ್ಲೇ ಆರಿತು. ಮೂಲೆಯಿಂದ ಅಮೋಘಸಿದ್ಧ ಕೇಳಿದ.

“ಅಷ್ಟ್ ದೂರದಿಂದ ಬರಾಕತ್ತಾರಲ್ಲ, ಇಲ್ಲಿ ಅವರಿಗೆ ರೊಟ್ಟಿ ಕೊಡಾವ್ರು ಯಾರು?”

ಎಲ್ಲರೂ ನಕ್ಕರು. “ಹಡಗಿನ್ಯಾಗ ಬೇಕಾದಷ್ಟು ತುಂಬ್ಕೊಂಡಿರ್ತಾರೋ ಮಿಲ್ಟ್ರಿ,” ಅಂದ ಧರೆಪ್ಪ.

“ಅದನ್ನ ಹೇಳಾಕತ್ತೇನಿ. ಕರದವ್ರಿಲ್ಲ. ಕರೀದ ಬಂದು ನಿಂತವ್ನ ಕಂಡು ಯಾರೂ ಸುಮ್ಮನಾಗೂದಿಲ್ಲ. ಅವನ ಹಿಂದ ಇನ್ನೊಬ್ಬ ಬರ್ತಾನ, ಅಷ್ಟ.”

ಅದು ಕುರುಬರ ಮಾತು. ನಮ್ಮ ಕಡೆ ಗೊಬ್ಬರಕ್ಕೆಂದು ಖಾಲಿ ಹೊಲದಲ್ಲಿ ಕುರಿ ತರುಬಿಸುತ್ತಾರೆ. ಸಂಜೆಗೆ ಗೂಟ ಹೊಡೆದು ಬಲೆ ಕಟ್ಟಿ ಹಿಂಡನ್ನು ರಾತ್ರಿಗೆ ಅಲ್ಲಿ ಕೂಡಿಹಾಕಿದರೆ, ಆ ಹೊಲದವರ ಮನೆಯಿಂದ ಕುರುಬನಿಗೆ ರೊಟ್ಟಿ ಬರಬೇಕು. ರೊಟ್ಟಿ ನಿಂತಿತೋ, ಗೂಟ ಕಿತ್ತು ಮುಂದಿನ ಊರು.

ಇಷ್ಟು ತಿಳಿದವನೂ ಆ ವಾರವೇ ಎಡವಿದ. ಸಾವ್ಕಾರ ರಾಚಪ್ಪನಿಗೂ ಪಕ್ಕದ ಹೊಲದ ಪರಪ್ಪನಿಗೂ ನಡುವಿನ ಬದುವಿನ ಜಗಳ. ಇಬ್ಬರೂ ಬೀಗರು ಬೇರೆ. ರಾಚಪ್ಪನ ಮಗಳು ಸಿದ್ದವ್ವ ಪರಪ್ಪನ ಸೊಸೆ, ಆಗ ತುಂಬು ಬಸುರಿ. ಯಾವ ಕಡೆ ಹೆಣ ಬಿದ್ದರೂ ಅಳುವವಳು ಅವಳೇ. ಆದರೆ ಈ ದೊಡ್ಡ ಮನುಷ್ಯರಿಗೆ ಮಗಳಿಗಿಂತ ಬದು ದೊಡ್ಡದು.

ರಾಚಪ್ಪ ಅಮೋಘಸಿದ್ಧನನ್ನು ಕರೆಸಿದ. “ಸಜ್ಜಿ ಕೊಯ್ದ ಹೊಲ ಖಾಲಿ ಐತಿ. ಬದುವಿನ ಮಗ್ಗಲಕ್ಕ ಕುರಿ ತರುಬು. ನಿನ್ನ ಮಿಲ್ಟ್ರಿ ಕೋಟು ಹಾಕ್ಕೊಂಡು ಕೂಡು. ನಾಯಿಗೋಳೂ ಇರ್ತಾವ. ಆ ಪರಪ್ಪ ಹಣಿಕಿ ನೋಡೂದಿಲ್ಲ.”

ಕರೆದರು, ರೊಟ್ಟಿ ಕೊಟ್ಟರು, ಹೋಗಿ ಕೂತ. ಪರಪ್ಪ ಹೆದರಿದನೇ? ಹೆಂಡತಿಯ ತವರು ಇಂಗಳೇಶ್ವರದಿಂದ ಮೈದುನರನ್ನು ಕರೆಸಿದ. ಅವರು ಬದುವಿನ ಆಚೆ ಕೂತು ಕೊಡಲಿ ಮಸೆಯತೊಡಗಿದರು. ಇದನ್ನು ಕಂಡು ರಾಚಪ್ಪ ನಿಡಗುಂದಿಯ ನೆಂಟರಿಗೆ ಹೇಳಿಕಳಿಸಿದ. ಚಹಾದಂಗಡಿಯಲ್ಲಿ ಕೇಳಿದ ಹಡಗುಗಳ ಕಥೆ ನಮ್ಮೂರ ಹೊಲಕ್ಕೇ ಬಂದಿತ್ತು.

ರೇವವ್ವ ಗಂಡನನ್ನು ಸುಮ್ಮನೆ ಬಿಡಲಿಲ್ಲ. “ಪರದೇಶದಾಗ ಇಬ್ಬರ ನಡುವ ನಿಂತಿದ್ದಿ. ಇಲ್ಲಿ ಒಬ್ಬರ ಕಡೆ ನಿಂತೀದಿ. ಸಿದ್ದವ್ವ ಹಿತ್ತಲದಾಗ ಕೂತು ದಿನಾ ಅಳತಾಳ, ಗೊತ್ತೈತೇನ ನಿನಗ?”

ಮರುದಿನ ಅವನು ಕೋಟು ಮಡಿಚಿ ಪೆಟ್ಟಿಗೆಯಲ್ಲಿಟ್ಟ. ಇಬ್ಬರ ಮನೆಗೂ ಹೋಗಿ ಒಂದೇ ಮಾತು ಹೇಳಿದ. ಬಲೆಯನ್ನು ಬದುವಿನ ಮೇಲೆ ಹಾಯಿಸಿ, ಅರ್ಧ ಹಿಂಡು ಅತ್ತ, ಅರ್ಧ ಇತ್ತ ಕೂಡಿಹಾಕುತ್ತೇನೆ. ಎರಡೂ ಮನೆಯ ರೊಟ್ಟಿ ಬರಬೇಕು. ಒಂದು ಮನೆಯದು ತಪ್ಪಿದರೂ ನಾನಿರುವುದಿಲ್ಲ. ಕುರಿಗೊಬ್ಬರ ಬೇಡವೆನ್ನುವ ಒಕ್ಕಲುತನದವ ಇನ್ನೂ ಹುಟ್ಟಿಲ್ಲ. ಇಬ್ಬರೂ ಗೊಣಗುತ್ತ ಒಪ್ಪಿದರು.

ಹಿಂಡು ಬದುವಿನ ಮೇಲೆ ಮಲಗಿದ ಮೇಲೆ ಅಲ್ಲಿ ಕೊಡಲಿ ಎತ್ತಲು ಜಾಗವೇ ಉಳಿಯಲಿಲ್ಲ. ನಿಡಗುಂದಿಯವರು ಬರಲೇ ಇಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನು ಹಿಗ್ಗಿದ್ದೆ. ಆಗಲೇ ಒಂದು ಮಧ್ಯಾಹ್ನ ಪರಪ್ಪನ ಮನೆಯ ರೊಟ್ಟಿ ಬರಲಿಲ್ಲ.

ಪರಪ್ಪ ನನ್ನ ನೆರೆಮನೆಯವ. ಅವನ ಕಟ್ಟೆಯ ಮೇಲೆ ನಾನು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಅಮೋಘಸಿದ್ಧ ಬಂದ. ಅವನು ಹೊರಟ ಗಳಿಗೆಯಲ್ಲೇ ಕೊಡಲಿಗಳು ಏಳುತ್ತವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

“ರೊಟ್ಟಿ ಬರಲಿಲ್ರಿ ಸಾವ್ಕಾರ್ರ. ಗೂಟ ಕೀಳೂಕಿಂತ ಮೊದಲ ನಿಮ್ಮ ಬಾಯಿಲೆ ಕೇಳಬೇಕಂತ ಬಂದೇನಿ.”

“ಬಲೆ ಜಾಸ್ತಿ ರಾಚಪ್ಪನ ಕಡೆ ಐತಂತ ನಮ್ಮ ಮೈದುನ ಹೇಳ್ಯಾನ. ನೀ ಅವನ ಮನಶ್ಯಾ.”

“ನೀವ ಬಂದು ಅಳದು ನೋಡ್ರಿ.”

“ಅಳಿಯೂದು ಬ್ಯಾಡ, ನಿನ್ನ ಕುರಿ ಗೊಬ್ಬರಾನೂ ಬ್ಯಾಡ. ಇವತ್ತ ಜಾಗಾ ಖಾಲಿ ಮಾಡು.”

ಒಳಗೆ ಕೇಳುತ್ತಿದ್ದ ಬಳೆಯ ಸದ್ದು ನಿಂತಿತು. ಬಾಗಿಲ ಹಿಂದೆ ಸಿದ್ದವ್ವ ಇದ್ದಳು. ಅಮೋಘಸಿದ್ಧ ಕೈಮುಗಿದ. “ಆತ್ರಿ. ಬರ್ತೇನ್ರಿ ಹಂಗಾರ.”

ಪರಪ್ಪ ಮುಖ ಅತ್ತ ತಿರುಗಿಸಿ, ಸಿಟ್ಟಿನಲ್ಲೇ, “ಹೂಂ, ಹೋಗಿ ಬಾ,” ಅಂದ.

ಮನೆಗೆ ಬಂದವರಿಗೆ ಬರೀ ‘ಹೋಗು’ ಅನ್ನಬಾರದು, ಅಪಶಕುನ. ಹಗೆಯವನಿಗೂ ನಮ್ಮವರ ನಾಲಿಗೆ ‘ಹೋಗಿ ಬಾ’ ಎಂದೇ ಹೊರಳುತ್ತದೆ. ಅಮೋಘಸಿದ್ಧ ಅಂಗಳದ ತನಕ ಹೋದ. ಅಲ್ಲಿಂದ ಹಾಗೇ ತಿರುಗಿ ಬಂದು ಕಟ್ಟೆಯ ಮೇಲೆ ಕೂತ.

“ಮತ್ಯಾಕ ಬಂದಿ?” ಅಂದ ಪರಪ್ಪ.

“ಹೋಗಿ ಬಾ ಅಂದ್ರಿ. ಹೋಗಿ ಬಂದೇನಿ. ಗಾಜಾದಾಗ ನಮಗ ಬರೇ ಹೋಗ್ರಿ ಅಂದಿದ್ರು, ಸಾವ್ಕಾರ್ರ. ಅದಕ್ಕ ಗಂಟು ಕಟ್ಟಿದ್ವಿ. ಎಷ್ಟ್ ಮಂದಿ ಸತ್ರು ಆಮ್ಯಾಲ. ನೀವು ಬರೇ ಹೋಗು ಅನ್ರಿ, ಈಗ ಹೋಗ್ತೇನಿ.”

ಪರಪ್ಪ ಬಾಯಿ ತೆರೆದ. ತುಂಬು ಬಸುರಿ ಸಿದ್ದವ್ವ ಹೊಸ್ತಿಲಲ್ಲಿ ಬಂದು ನಿಂತಿದ್ದಳು. ಅವಳೆದುರು ಆ ಅಪಶಕುನದ ಮಾತು ಅವನ ಬಾಯಿಂದ ಹೊರಡಲಿಲ್ಲ. ತೆರೆದ ಬಾಯಿಗೆ ನನ್ನ ಎಲೆ ಅಡಿಕೆಯ ಚೀಲದಿಂದ ಒಂದು ಎಲೆ ತೆಗೆದು ಹಾಕಿಕೊಂಡ.

ಸಿದ್ದವ್ವ ಒಳಗೆ ಹೋಗಿ ರೊಟ್ಟಿ ತಂದು ಅಮೋಘಸಿದ್ಧನ ಹೆಗಲ ವಸ್ತ್ರದಲ್ಲಿ ಕಟ್ಟಿದಳು. ಮಾವನನ್ನು ಕೇಳಲಿಲ್ಲ.